ಹುಣಸೆ ಅಂಟಿನ ಗಂಟಲು

ಸಂಕ್ರಾಂತಿ ಕಳೆದಿತ್ತು. ಅವರೆಕಾಯಿ ಸುಗ್ಗಿ ಮುಗೀತಾ ಬಂದಿತ್ತು. ಬೆಳಗಿನ ತಿಂಡಿ ಆಗಿ, ಅಂಗಡಿಯವರು ಒಬ್ಬೊಬ್ಬರಾಗಿ ಷಟರ್ ಎತ್ತುವ ಹೊತ್ತು. ಇದು ಶುರುವಾಗಿದ್ದು ಆಗ.

ತುಮಕೂರಿನ ಬಟವಾಡಿಯಲ್ಲಿ ಒಂದು ಹಲ್ಲಿನ ಕ್ಲಿನಿಕ್ಕು. ಅದರ ಮೇಲಿನ ಮಹಡಿಯಲ್ಲಿ ಚನ್ನೇಶನ ರೆಕಾರ್ಡಿಂಗ್ ಸ್ಟುಡಿಯೋ. ಮೆಟ್ಟಿಲ ಬುಡದಲ್ಲಿ ಲಗೇಜ್ ಆಟೋ ಬಂದು ನಿಂತಿತು. ಬೆನ್ನಿಗೆ ಗಿಟಾರ್ ಹಾಕಿಕೊಂಡ ಹುಡುಗಿಯೊಬ್ಬಳು ಇಳಿದಳು. ಇಳಿದವಳೇ ಮೇಲೆ ನೋಡಿ ಕೂಗಿದಳು.

"ಸ್ಟುಡಿಯೋದೋರು ಯಾರ್ರೀ? ಬಂದು ಒಂದ್ ಕೈ ಹಿಡೀರಿ!"

ಚನ್ನೇಶ ಇಳಿದು ಬಂದ. ಆಟೋ ಒಳಗೆ ಸೊಂಟದೆತ್ತರದ ಮರದ ಬಾಕ್ಸು. ಬುಡಕ್ಕೆ ಗೆದ್ದಲು ಹತ್ತಿದೆ. ಹಿಂದಿನ ಸಂದಿಯಿಂದ ತೆಂಗಿನ ನಾರು ಇಣುಕುತ್ತಿದೆ.

"ಇದೇನ್ ಮೇಡಂ... ಕೋಳಿಗೂಡಾ?"

ಅವಳು ತಿರುಗಿ ನೋಡಿದಳು. ಆ ನೋಟಕ್ಕೆ ಅವನ ನಗು ಅಲ್ಲೇ ಒಣಗಿತು.

"ಇದು ಕೂಗಿದ್ರೆ ಗುಬ್ಬಿ ಕೆರೆ ಆಚೆ ದಡದೋರು ಎದ್ದು ಕೂರ್ತಿದ್ರು. ಕೋಳಿಗೂಡಂತೆ! ಹಿಡೀರಿ ಮೊದ್ಲು!"

ಹಿಡಿದ. ಇಬ್ಬರೂ ಏದುಸಿರು ಬಿಡುತ್ತಾ ಮೇಲಕ್ಕೆ ಏರಿಸಿದರು. ತಿರುವಿನಲ್ಲಿ ಅವನ ಬೆರಳು ಗೋಡೆಗೂ ಬಾಕ್ಸಿಗೂ ಮಧ್ಯೆ ಸಿಕ್ಕಿತು.

"ಅಯ್ಯಯ್ಯೋ!"

"ಬಾಕ್ಸಿಗೇನಾದ್ರೂ ಆಯ್ತಾ?"

'ನನ್ನ ಬೆರಳು ಕೇಳೋರೇ ಇಲ್ವಲ್ಲಪ್ಪಾ...' ಅಂದುಕೊಂಡ ಚನ್ನೇಶ. ಆದರೂ ಯಾಕೋ ಸಿಟ್ಟು ಬರಲಿಲ್ಲ!

ಅವಳು ಅನುಪಮಾ. ತುಮಕೂರಿನ ಒಂದು ಶಾಲೆಯಲ್ಲಿ ಮ್ಯೂಸಿಕ್ ಟೀಚರ್. ಇರುವುದು ಶೆಟ್ಟಿಹಳ್ಳಿಯ ಒಂದು ಬಾಡಿಗೆ ರೂಮಿನಲ್ಲಿ. ವಾರದ ಕೊನೆಗೆ ಗುಬ್ಬಿಗೆ, ಅಮ್ಮನ ಹತ್ತಿರ.

ಅವಳ ಅಪ್ಪ ಮೈಕ್‌ಸೆಟ್ ಜಯಣ್ಣ. ಗುಬ್ಬಿ ಕಡೆ ವಯಸ್ಸಾದವರನ್ನು ಕೇಳಿ, ಈಗಲೂ ನೆನಪು ಮಾಡಿಕೊಳ್ಳುತ್ತಾರೆ. ಮದುವೆಯಿರಲಿ, ನಾಟಕವಿರಲಿ, ಜಯಣ್ಣ ಬಂದನೋ ಇಲ್ಲವೋ ಅಂತ ಮೊದಲು ಕೇಳುತ್ತಿದ್ದರು. ತನ್ನ ಅಂಗಡಿಗೆ ಹೆಂಡತಿಯ ಹೆಸರಿಟ್ಟಿದ್ದ: ಗಂಗಾಂಬಿಕಾ ಸೌಂಡ್ಸ್. ಆ ಕಾಲಕ್ಕೆ ಊರೆಲ್ಲ ನಕ್ಕಿತ್ತು. ನಗಲಿ ಬಿಡಿ ಅಂದಿದ್ದ.

ಆ ಬಾಕ್ಸು ಅವನೇ ಕೂಡಿಸಿದ್ದು. ಒಳಗೆ ಗುಂಯ್‌ಗುಡಬಾರದು ಅಂತ ತೋಟದ ತೆಂಗಿನ ನಾರು ಒತ್ತಿದ್ದ. ಒಂದು ಮದುವೆಯಲ್ಲಿ ಯಾರದೋ ಛತ್ರಿ ಕಡ್ಡಿ ಚುಚ್ಚಿ, ಸ್ಪೀಕರಿನ ಕಾಗದದ ಕೋನು ಹರಿದುಹೋಯಿತು. ಗಂಗಾಂಬಿಕೆ ತನ್ನ ಹಳೇ ನೂಲಿನ ಸೀರೆ ಹರಿದು ಕೊಟ್ಟಳು. ಜಯಣ್ಣ ಹುಣಸೆಬೀಜ ಹುರಿದು, ಅರೆದು, ಅಂಟು ಕಾಯಿಸಿ ಆ ತುಂಡನ್ನು ಕೋನಿಗೆ ಮೆತ್ತಿದ.

ಆವತ್ತಿಂದ ಅದರ ದನಿಯೇ ಬದಲಾಯಿತು. ಸ್ವಲ್ಪ ಒರಟು, ಸ್ವಲ್ಪ ಬೆಚ್ಚಗೆ. ಶೀತ ಆದವರು ಪ್ರೀತಿಯಿಂದ ಮಾತಾಡಿದ ಹಾಗೆ.

ಮಗಳಿಗೆ ಗಿಟಾರ್ ತಂದುಕೊಟ್ಟಾಗ ಅದಕ್ಕೆ ಬೇರೆ ಆಂಪ್ಲಿಫೈಯರ್ ಎಲ್ಲಿಂದ ತರೋಣ? ಮೈಕ್‌ಸೆಟ್ಟಿಗೇ ಸಿಕ್ಕಿಸಿಬಿಟ್ಟ. ಅನುಪಮಾ ಬೆರಳು ಕಲಿತಿದ್ದೇ ಆ ದನಿಯಲ್ಲಿ. ಅಪ್ಪ ಹೋದ ಮೇಲೆ ಅವಳಿಗೆ ಉಳಿದಿದ್ದೂ ಆ ದನಿ ಒಂದೇ...

ಈಗ ದೊಡ್ಡಪ್ಪ ಮಹಾಲಿಂಗಯ್ಯ ಹೇಳಿಬಿಟ್ಟಿದ್ದರು, ಶಿವರಾತ್ರಿ ಒಳಗೆ ಅಪ್ಪನ ಅಂಗಡಿಯಾಗಿದ್ದ ಶೆಡ್ಡು ಖಾಲಿಯಾಗಬೇಕು, ಕೊಬ್ಬರಿ ತುಂಬಬೇಕು ಅಂತ. ಅದಕ್ಕೇ ಅವಳು ಬಾಕ್ಸು ಹೊತ್ತು ಇಲ್ಲಿಗೆ ಬಂದಿದ್ದು.

"ನಾನೇ ಕಟ್ಟಿರೋ ಮೂರು ಟ್ಯೂನ್ ರೆಕಾರ್ಡ್ ಆಗ್ಬೇಕು. ಆದ್ರೆ ಇದೇ ಬಾಕ್ಸಿನ ದನೀಲಿ ಆಗ್ಬೇಕು" ಅಂದಳು.

ಚನ್ನೇಶ ಅವಳ ಗಿಟಾರಿನ ವೈರನ್ನು ನೇರ ಕಂಪ್ಯೂಟರಿಗೆ ಹಾಕಿಸಿದ. ಅವಳು ತಂತಿ ಮೀಟಿದಳು. ತಗಡಿನ ಡಬ್ಬಿಗೆ ಜೀರುಂಡೆ ಬಿದ್ದ ಹಾಗೆ ಗಿರ್ರ್ ಅಂತು!

"ಛೀ! ಏನ್ರೀ ಇದು?"

"ಗಿಟಾರಿಗೆ ಇರೋದು ಬರೀ ನಾಲಿಗೆ ಮೇಡಂ. ಗಂಟಲು ಕೊಡೋದು ಬಾಕ್ಸು. ಈಗ ಕೇಳಿ."

ಏನನ್ನೋ ಒತ್ತಿದ. ಅದೇ ತಂತಿ, ಅದೇ ಬೆರಳು... ಆದರೆ ಈಗ ದೊಡ್ಡ ಸ್ಟೇಜಿನ ಮೇಲೆ ನುಡಿಸಿದ ಹಾಗೆ ತುಂಬಿಕೊಂಡು ಬಂತು.

"ಇದು ಯಾವುದೋ ದೇಶದ ಬಾಕ್ಸಿನ ಅಚ್ಚು. ಬೆಲ್ಲದ ಅಚ್ಚು ನೋಡಿದೀರಲ್ಲ? ಪಾಕ ಯಾವುದಾದ್ರೂ ಹುಯ್ಯಿ, ಅಚ್ಚಿನ ಆಕಾರಕ್ಕೆ ಬರತ್ತೆ. ಹಂಗೇ ಇದು ಶಬ್ದದ ಅಚ್ಚು. ನಾವು ಐಆರ್ ಅಂತೀವಿ. ಬಾಕ್ಸು ಎಲ್ಲೋ ಇರತ್ತೆ, ಅದರ ಗಂಟಲು ಇಲ್ಲಿ ಇರತ್ತೆ."

"ಹಂಗಾದ್ರೆ ನಮ್ಮಪ್ಪನ ಬಾಕ್ಸಿಂದೂ ಅಚ್ಚು ತೆಗೀರಿ!"

ತೆಗೆದ. ಕೋನಿನ ಮುಂದೆ ಮೈಕ್ ಇಟ್ಟು, ಬಾಕ್ಸಿಗೆ ಒಂದು ಶಬ್ದ ಕಳಿಸಿದ. ಊಂ... ಅಂತ ನೆಲದೊಳಗಿಂದ ಎದ್ದದ್ದು ಏರ್ತಾ ಏರ್ತಾ ಸೊಳ್ಳೆಯ ಹಾಗೆ ಈ... ಅಂತ ಕಿವಿ ದಾಟಿ ಹೋಯಿತು. ಕೆಳಗೆ ಕ್ಲಿನಿಕ್ಕಿನ ಕುರ್ಚಿಯಲ್ಲಿದ್ದ ಪೇಷಂಟು ಡ್ರಿಲ್ಲಿಂಗ್ ಶುರುವಾಯಿತು ಅಂತ ಬಾಯಿ ಮುಚ್ಚಿಕೊಂಡುಬಿಟ್ಟನಂತೆ! ಡಾಕ್ಟರು ಮೇಲೆ ಬಂದು ಬೈದು ಹೋದರು.

ಅವರು ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅವಳು ನಕ್ಕಿದ್ದನ್ನು ಅವನು ಮೊದಲ ಸಲ ನೋಡಿದ. ನೋಡಿದವನು ಆಮೇಲೆ ಮರೆಯಲಿಲ್ಲ.

ಶಾಲೆ ಬಿಟ್ಟ ಮೇಲೆ ಅವಳು ಬರತೊಡಗಿದಳು. ನುಡಿಸುವಳು, ಅವನು ಹಿಡಿದಿಡುವನು. ಅವನ ಊರು ಕುಣಿಗಲ್ಲು, ಅಲ್ಲಿ ಅಜ್ಜಿ ದೊಡ್ಡಗಂಗಮ್ಮ ಒಬ್ಬರೇ ಅವನಿಗೆ ದಿಕ್ಕು ಅನ್ನುವುದೆಲ್ಲ ಅವಳಿಗೆ ಗೊತ್ತಾಯಿತು. ಮೇಡಂ ಹೋಗಿ ಅನುಪಮಾ ಆಯಿತು. ಅನುಪಮಾ ಹೋಗಿ ಅನು ಆಯಿತು. ಅವಳು ಮಾತ್ರ "ಚನ್ನೇಶ್ ಅವ್ರೇ" ಅನ್ನುವುದನ್ನು ಬಿಡಲಿಲ್ಲ. ಬಿಟ್ಟರೆ ಏನೋ ಬಯಲಾಗುತ್ತದೆ ಅನ್ನುವ ಭಯ...

ಒಂದು ಸಂಜೆ ಅವನು ಚೇಷ್ಟೆಗೆ ಕೇಳಿದ. "ನನ್ ಹತ್ರ ನೂರಾರು ಬಾಕ್ಸಿನ ಅಚ್ಚು ಇವೆ. ನಡುವೆ ನಿಮ್ಮಪ್ಪಂದೂ ಸೇರಿಸಿ, ಹೆಸರು ಮುಚ್ಚಿಡ್ತೀನಿ. ಗುರ್ತು ಹಿಡೀತೀರಾ?"

"ಸಾವಿರ ತನ್ನಿ! ಯಾವುದು ಎದೆಗೆ ಬಂದು ಬಡಿಯತ್ತೋ ಅದೇ ನಮ್ಮಪ್ಪಂದು!"

ಅವಳು ನುಡಿಸಿದ್ದನ್ನೇ ಒಂದೊಂದು ಅಚ್ಚಿಗೆ ಹುಯ್ದು ಕೇಳಿಸಿದ. ಅವಳು ಅವನ ಎದುರಿಗೇ ಕೂತು ಕೇಳಿದಳು. ಒಂದು ಬಂದಾಗ ಎದೆ ದಡ್ ಅಂತು. "ಇದೇ!"

ಅವನು ತುಟಿ ಕಚ್ಚಿಕೊಂಡ. "ಇದು ಇಂಗ್ಲೆಂಡಿಂದು."

"ಸುಳ್ಳು! ಇನ್ನೊಂದ್ಸಲ!"

ಇನ್ನೊಂದು ಸಲವೂ ತಪ್ಪಿತು. ಮತ್ತೊಂದು ಸಲವೂ! ಅಪ್ಪನ ಬಾಕ್ಸು ಬಂದಾಗಲೆಲ್ಲ ಅವಳೇ "ಇದು ಸಪ್ಪೆ, ಮುಂದೆ ಹೋಗಿ" ಅಂದಿದ್ದಳು.

ಅನುಪಮಾಳ ಮುಖ ಬಿಳುಪೇರಿತು. 'ಅಪ್ಪನ ದನೀನೇ ನಾನು ಬೇಡ ಅಂದ್ನಾ? ಇಷ್ಟು ದಿನ ಹಿಡ್ಕೊಂಡಿದ್ದು ಬರೀ ನೆನಪನ್ನಾ...?'

"ಹೋಗ್ಲಿ ಬಿಡಿ ಅನು. ಹಳೇದು ಅಂದ್ರೆ ಮಮತೆ ಇರತ್ತೆ. ಕಿವಿ ಬೇರೆ, ಮಮತೆ ಬೇರೆ" ಅಂದ ಅವನು. ಸಮಾಧಾನಕ್ಕೆ ಅಂದದ್ದೇ. ಆದರೆ ಚುಚ್ಚಿತು.

ಶಿವರಾತ್ರಿಗೆ ಅವಳು ಗುಬ್ಬಿಗೆ ಹೋದಳು. ಅವಳ ಬಾಡಿದ ಮುಖವೇ ಚನ್ನೇಶನ ಕಣ್ಣಲ್ಲಿ ಕೂತಿತ್ತು. ಯೋಚಿಸಿದ. ಬಾಕ್ಸಿಗೆ ಕಾಯಿಲೆ ಬಂದಿದೆ, ಅದಕ್ಕೇ ಸಪ್ಪೆಯಾಗಿದೆ, ವಾಸಿ ಮಾಡಿಬಿಡೋಣ! ಬಂದಾಗ ಖುಷಿಯಾಗಿಬಿಡಲಿ!

ಪ್ರೀತಿಯಿಂದಲೇ ಮಾಡಿದ. ಅದನ್ನು ಯಾರೂ ಅಲ್ಲಗಳೆಯಲಾರರು.

ಹಬ್ಬ ಮುಗಿಸಿ ಬಂದವಳ ಎದುರು ಬಟ್ಟೆ ಸರಿಸಿದ. "ಸರ್ಪ್ರೈಸ್!"

ಬಾಕ್ಸು ಕರಿ ಬಣ್ಣದಲ್ಲಿ ಮಿಂಚುತ್ತಿತ್ತು. ಬುಡಕ್ಕೆ ಹೊಸ ಮರ. ಒಳಗೆ ಹೊಚ್ಚ ಹೊಸ ಸ್ಪೀಕರು.

ಅವಳು ಬಾಕ್ಸಿನ ಮುಂದೆ ಕೂತಳು. ಗಿಟಾರ್ ಸಿಕ್ಕಿಸಿ ಒಂದೇ ಒಂದು ತಂತಿ ಮೀಟಿದಳು. ಚೆನ್ನಾಗಿಯೇ ಇತ್ತು. ಆದರೆ ಯಾರೋ ಗೊತ್ತಿಲ್ಲದವರು ಬಾಗಿಲು ತೆಗೆದ ಹಾಗಿತ್ತು...

"ನಾರು ಎಲ್ಲಿ?"

"ಧೂಳು ಹಿಡಿದಿತ್ತು ಅನು. ಸ್ಪಂಜ್ ಹಾಕಿದೀನಿ."

"ಕೋನು ಎಲ್ಲಿ?"

"ಅದಾ... ಚಿಂದಿ ಆಗಿತ್ತಲ್ಲ. ಬೆಳಿಗ್ಗೆ ಕಸದ ಗಾಡಿ ಬಂದಿತ್ತು..."

"ಅದ್ರಲ್ಲಿ ನಮ್ಮಮ್ಮನ ಸೀರೆ ಇತ್ತು ಕಣೋ!"

ಅಷ್ಟು ದಿನ ಅವರೇ, ಇವರೇ ಅನ್ನುತ್ತಿದ್ದವಳ ಬಾಯಲ್ಲಿ 'ಕಣೋ' ಅನ್ನುವುದು ಬಂದಿದ್ದು ಹೀಗೆ, ಸಿಟ್ಟಿನಲ್ಲಿ, ಅಳುವಿನಲ್ಲಿ.

"ಕೇಳ್ಬೇಕು ಅನ್ನಿಸ್ಲಿಲ್ವಾ? ಒಂದು ಫೋನು? ಎಲ್ಲರೂ ನನಗೆ ಒಳ್ಳೇದು ಮಾಡೋರೇ! ದೊಡ್ಡಪ್ಪನೂ ಅಷ್ಟೇ, ನೀನೂ ಅಷ್ಟೇ! ನಿನ್ ಒಳ್ಳೇತನ ನೀನೇ ಇಟ್ಕೋ!"

"ಅನು, ನಿಂತ್ಕೊಳ್ಳಿ... ಅನು!"

ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು. ಆಮೇಲೆ ಹೆದ್ದಾರಿಯ ಗದ್ದಲ ಅಷ್ಟೇ.

ಅವನು ಮಾಡಿದ ಫೋನುಗಳನ್ನು ಅವಳು ಎತ್ತಲಿಲ್ಲ.

ಆ ಶನಿವಾರ ಗುಬ್ಬಿಯ ಮನೆಯಲ್ಲಿ ನೆಂಟರು ಸೇರಿದ್ದರು. ಮಹಾಲಿಂಗಯ್ಯ ವಿಭೂತಿ ಧರಿಸಿ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಮಠದ ಕೆಲಸ, ನ್ಯಾಯ ಪಂಚಾಯ್ತಿ ಎಲ್ಲದಕ್ಕೂ ಮುಂದಾಳು. ದನಿ ಎತ್ತಿದರೆ ಬೀದಿಗೆ ಕೇಳುತ್ತಿತ್ತು.

"ನಾಳೆ ಹುಡುಗನ ಕಡೆಯೋರು ಬರ್ತಾವ್ರೆ. ಬಿದರೆಹಳ್ಳಿ ಕಾವಲ್ ಫ್ಯಾಕ್ಟರೀಲಿ ಕೆಲಸ, ಬಂಗಾರದಂತ ಹುಡುಗ. ಆ ಕರೆಂಟ್ ಗಿಟಾರು ಅಟ್ಟಕ್ಕೆ ಹಾಕಮ್ಮಣ್ಣಿ. ಸ್ಟೇಜ್ ಹತ್ತಿ ಕಿರ್ರ್ ಅನ್ಸೋದು ನಮ್ಮನೆ ಹೆಣ್ಮಕ್ಕಳ ಕೆಲಸ ಅಲ್ಲ!"

"ನಾನು ಒಪ್ಪಿಲ್ಲ ದೊಡ್ಡಪ್ಪ."

"ನಿನ್ನ ಯಾರೇ ಕೇಳಿದ್ದು? ಒಪ್ಪೋಕೆ ನಿಮ್ಮಪ್ಪ ಇಲ್ಲ, ನಾನಿದೀನಿ!"

ಅವರು ಗುಡುಗಿದರು. ಚಿಕ್ಕಪ್ಪ ತಲೆಯಾಡಿಸಿದರು. ಅತ್ತೆ ಹೌದು ಅಂದರು. ಒಂದು ಗಳಿಗೆ ಅನುಪಮಾಗೂ ಅವರೇ ಸರಿಯೇನೋ ಅನ್ನಿಸಿಬಿಟ್ಟಿತು! ಎದ್ದು ಅಡುಗೆಮನೆಗೆ ಹೋದಳು.

ಗಂಗಾಂಬಿಕೆ ಸುಗ್ಗಿಯ ಕೊನೇ ಅವರೆಯ ಹಿತಕಬೇಳೆ ಹಿಚುಕುತ್ತಾ ಕೂತಿದ್ದಳು. ಅನುಪಮಾ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಆ ಮನೆಯಲ್ಲಿ ಅವಳ ದನಿ ಕೇಳಿದವರು ಕಡಿಮೆ.

"ನಿಮ್ ದೊಡ್ಡಪ್ಪ ಹೇಳಿದ್ದು ಸರಿ ಅನ್ನಿಸ್ತೇನೇ?"

"ಎಲ್ರಿಗೂ ಅನ್ನಿಸ್ತಲ್ಲಮ್ಮ."

"ಜೋರಾಗಿ ಹೇಳಿದ್ರಲ್ಲ, ಅದಕ್ಕೆ. ಜೋರಾಗಿರೋದು ಯಾವಾಗ್ಲೂ ಸರಿ ಅನ್ನಿಸ್ತದೆ. ನಿಮ್ಮಪ್ಪ ಅದಕ್ಕೇ ಸೆಟ್ಟು ಹೋಲಿಸ್ಬೇಕಾದ್ರೆ ಏನ್ ಮಾಡ್ತಿದ್ರು ನೆನಪಿಲ್ವಾ?"

ಅನುಪಮಾ ತಲೆ ಎತ್ತಿದಳು.

"ಎರಡು ಮೈಕ್‌ಸೆಟ್ಟು ಎದುರಾಬದುರಾ ಹಾಕ್ದಾಗ ಮಧ್ಯದಲ್ಲಿ ಒಬ್ರನ್ನ ನಿಲ್ಲಿಸೋರು. ಯಾವುದು ಜೋರು ಅಂತ ಅವನಿಗೆ ಗೊತ್ತಾಗಬಾರದು, ಅಷ್ಟರ ಮಟ್ಟಿಗೆ ಎರಡನ್ನೂ ಸಮ ಮಾಡೋರು. ಆಮೇಲೇ 'ಈಗ ಹೇಳಪ್ಪ, ಯಾವುದು ಚೆಂದ' ಅಂತ ಕೇಳೋದು. ಇಲ್ದಿದ್ರೆ ಗಂಟಲು ಹರ್ಕೊಂಡೋನೇ ಗೆಲ್ತಾನೆ ಗಂಗೂ ಅನ್ನೋರು."

ಅನುಪಮಾಳ ಕೈಲಿದ್ದ ಬೇಳೆ ಕೆಳಗೆ ಬಿತ್ತು.

'ಸಮ ಮಾಡಿರ್ಲಿಲ್ಲ... ಚನ್ನೇಶ ಅಚ್ಚುಗಳನ್ನ ಸಮ ಮಾಡಿರ್ಲಿಲ್ಲ! ಎದೆಗೆ ಬಡಿದಿದ್ದು ಚೆಂದಕ್ಕಲ್ಲ, ಜೋರಿಗೆ!'

ಬಾಕ್ಸು ಹೋಯಿತು. ಆದರೆ ಮೊದಲ ದಿನ ತೆಗೆದ ಅಚ್ಚು? ಅದು ಕಂಪ್ಯೂಟರಿನಲ್ಲೇ ಇದೆಯಲ್ಲ!

ಭಾನುವಾರ ಬೆಳಿಗ್ಗೆ ಮನೆ ಮುಂದೆ ರಂಗೋಲಿ ಬಿದ್ದಿತ್ತು. ಅನುಪಮಾ ರೇಷ್ಮೆ ಸೀರೆ ಉಡಲಿಲ್ಲ. ಗಿಟಾರ್ ಹೆಗಲಿಗೇರಿಸಿ ನಡುಮನೆಗೆ ಬಂದಳು.

"ಹೊಸ್ಲು ದಾಟಿದ್ರೆ ವಾಪಸ್ ಬರಬೇಡ!" ಮಹಾಲಿಂಗಯ್ಯ ಅಬ್ಬರಿಸಿದರು.

ಅವಳು ದನಿ ಏರಿಸಲಿಲ್ಲ. ಅವರೇ ಬಗ್ಗಿ ಕೇಳಬೇಕಾಯಿತು, ಅಷ್ಟು ಮೆಲ್ಲಗೆ ಅಂದಳು.

"ನೀವು ಇಷ್ಟೇ ಮೆಲ್ಲಗೆ ಹೇಳಿ ನೋಡಿ ದೊಡ್ಡಪ್ಪ. ಆಗ್ಲೂ ಸರಿ ಅನ್ನಿಸಿದ್ರೆ ಕೇಳ್ತೀನಿ."

ಅವಳು ಹೊಸಿಲು ದಾಟಿದಳು.

ಬಟವಾಡಿಯ ಸ್ಟುಡಿಯೋ ಬಾಗಿಲು ಹಾಕಿರಲಿಲ್ಲ. ಒಳಗೆ ಹುರಿದ ಹುಣಸೆಬೀಜದ ವಾಸನೆ! ನೆಲದ ತುಂಬಾ ಹರಿದ ಕೋನುಗಳು, ಬಟ್ಟೆ ಚೂರು, ಒಂದು ಪಾತ್ರೆಯಲ್ಲಿ ಗೋಂದಿನಂಥ ಅಂಟು. ಮಧ್ಯೆ ಚನ್ನೇಶ. ಗಡ್ಡ ಬಿಟ್ಟಿದ್ದಾನೆ. ಗಡ್ಡಕ್ಕೂ ಅಂಟು ಮೆತ್ತಿದೆ.

"ಇದೇನೋ ಅವತಾರ?"

ಅವನು ಗಡಬಡಿಸಿ ಎದ್ದ. "ಅನು... ಕಸದ ಯಾರ್ಡಿಗೆ ಹೋಗಿದ್ದೆ. ಕೋನು ಸಿಗ್ಲಿಲ್ಲ. ನಾರು ಬೇಕಾದಷ್ಟಿತ್ತು. ತುಮಕೂರಿನ ಕಸದಲ್ಲಿ ತೆಂಗಿನ ನಾರಿಗೆ ಬರವೇ? ಆದ್ರೆ ನಿಮ್ದು ಯಾವ್ದು ಅಂತ ಹೆಂಗೆ ಗುರ್ತು ಹಿಡೀಲಿ... ಕುಣಿಗಲ್ಲಿಗೆ ಹೋಗಿ ಅಜ್ಜಿ ಹತ್ರ ಅಂಟು ಮಾಡೋದು ಕಲ್ತೆ. ಹೊಸ ಕೋನು ಹರ್ದು ಹರ್ದು ಅಂಟಿಸ್ತಾ ಇದೀನಿ. ಒಂದಕ್ಕೂ ಆ ದನಿ ಬರ್ತಿಲ್ಲ..."

"ಹೊಸ ಸ್ಪೀಕರ್ ಹರ್ದು ತೇಪೆ ಹಾಕ್ತಿದೀಯಾ?"

"ಅಜ್ಜಿ ಕೂಡ ಅದನ್ನೇ ಕೇಳಿದ್ರು. ತಲೆ ಕೆಟ್ಟಿದೆಯೇನ್ಲಾ ಅಂತ."

ನಗು ಬಂತು. ಅವಳು ತಡೆದುಕೊಂಡಳು. "ಕೈ ತೊಳ್ಕೊಂಡು ಬಾ. ಕಂಪ್ಯೂಟರ್ ಹಾಕು."

ಅವಳೇ ಪಕ್ಕದಲ್ಲಿ ಕೂತು, ಒಂದೊಂದು ಅಚ್ಚನ್ನೂ ಕೇಳಿ, ಜೋರಿನದನ್ನು ಇಳಿಸಿ, ಮೆಲುವಿನದನ್ನು ಏರಿಸಿದಳು. ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಹೇಳಲು ಬಾರದಷ್ಟು ಸಮ. ಏನು ನಡೆಯುತ್ತಿದೆ ಅಂತ ಚನ್ನೇಶನಿಗೆ ಆಗ ಹೊಳೆಯಿತು.

"ಅಯ್ಯೋ... ಆವತ್ತು ನಾನು..."

"ಮಾತಾಡ್ಬೇಡ. ಈಗ ಹೆಸರು ಮುಚ್ಚಿ, ಕಲೆಸಿ ಹಾಕು." ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತಳು.

ಒಂದು ಬಂತು. "ಬೇಡ."

ಇನ್ನೊಂದು. "ಚೆನ್ನಾಗಿದೆ. ಬೇಡ."

ಮತ್ತೊಂದು ಬಂತು. ಒರಟು, ಬೆಚ್ಚಗೆ. ಶೀತ ಆದವರು ಪ್ರೀತಿಯಿಂದ...

"ಅಪ್ಪ..."

ಅಷ್ಟೇ ಅಂದಳು. ಹಣೆಯನ್ನು ಗೋಡೆಗೆ ಆನಿಸಿದಳು. ಭುಜ ಅಲುಗುತ್ತಿತ್ತು.

ಚನ್ನೇಶ ಮತ್ತೆ ಕಲೆಸಿ ಹಾಕಿದ. ಮತ್ತೆ ಅದನ್ನೇ ಹಿಡಿದಳು. ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತುಬಿಟ್ಟ.

"ನಿಮ್ ಕಿವಿದು ತಪ್ಪಿರ್ಲಿಲ್ಲ ಅನು. ನಂದು. ಇದೇ ಕೆಲ್ಸ ಮಾಡೋನು ನಾನು, ಸಮ ಮಾಡ್ದೆ ಕೇಳಿಸ್ದೆ. ಆಮೇಲೆ ಅದನ್ನೇ ನಂಬಿ ಬಾಕ್ಸು ಬಿಚ್ಚಿ ಹಾಕ್ದೆ. ನಿಮ್ಮನ್ನ ನಂಬ್ಬೇಕಿತ್ತು."

ಅವಳು ಕಣ್ಣೊರೆಸಿಕೊಂಡು ತಿರುಗಿದಳು.

"ನಂದೂ ಸ್ವಲ್ಪ ಇದೆ. ಆವತ್ತು ನಾನು ಸರಿಯಾಗಿ ಕೇಳ್ತಾನೇ ಇರ್ಲಿಲ್ಲ."

"ಮತ್ತೆ?"

"ಎದುರಿಗೆ ನೀನು ಕೂತಿದ್ದೆ. ನಿನ್ ಮುಖ ನೋಡ್ತಿದ್ದೆ... ಅದಕ್ಕೇ ಇವತ್ತು ಗೋಡೆ ನೋಡ್ಕೊಂಡು ನಿಂತಿದ್ದು!"

ಚನ್ನೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಕಿವಿ ಕೆಂಪಾಯಿತು.

"ಅನು... ನನಗೂ ಹಂಗೇ. ಮೆಟ್ಟಿಲ ಮೇಲೆ ಬೆರಳು ಸಿಕ್ಕಿಸ್ಕೊಂಡಾಗಿಂದಾನೂ."

"ಬೆರಳು ನೋಯ್ತಾ ಆವತ್ತು?"

"ಈಗ ಕೇಳ್ತಿದೀಯಾ!"

ಇಬ್ಬರೂ ನಕ್ಕರು. ಆಮೇಲೆ ಅವಳು ತೇಪೆ ಹಾಕಿದ ಅವನ ಕೋನುಗಳಲ್ಲಿ ಒಂದನ್ನು ಎತ್ತಿಕೊಂಡಳು.

"ಅಪ್ಪನ ಗಂಟಲು ಇನ್ನೊಬ್ಬರಿಗೆ ಬರೋದು ಬೇಡ ಬಿಡು. ಇದು ನಿಂದು. ಇದರದೂ ಒಂದು ಅಚ್ಚು ತೆಗಿ. ಎರಡೂ ಸೇರ್ಸಿ ಕೇಳೋಣ."

ಊಂ... ಈ... ಕೆಳಗೆ ಭಾನುವಾರ, ಕ್ಲಿನಿಕ್ಕಿಗೆ ರಜ. ಬೈಯುವವರಿರಲಿಲ್ಲ.

ಎರಡನ್ನೂ ಸೇರಿಸಿದಾಗ ದನಿ ಟೊಳ್ಳಾಗಿಬಿಟ್ಟಿತು. ಅವಳ ಮುಖ ಇಳಿಯಿತು. "ಎರಡೂ ಒಂದೇ ಗಳಿಗೆಗೆ ಬರ್ತಿಲ್ಲ. ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದಿದೆ, ನಂದು. ತಡಿ" ಅಂತ ಅವನು ತನ್ನದನ್ನು ಸರಿಸಿ, ಅಪ್ಪನದರ ಪಕ್ಕಕ್ಕೆ ತಂದು ನಿಲ್ಲಿಸಿದ.

ಆಗ ತುಂಬಿಕೊಂಡು ಬಂತು ನೋಡಿ!

ಮೂರೂ ಟ್ಯೂನುಗಳನ್ನು ಅದೇ ದನಿಯಲ್ಲಿ ಮುಗಿಸಿದರು.

ಬಿಸಿಲು ಇಳಿಯುವಾಗ ಅಮ್ಮನ ಫೋನು ಬಂತು.

"ಬಾವನವ್ರು ನಿಂಗೆ ಬಾಗ್ಲು ತೆಗೀಬೇಡಿ ಅಂದವ್ರೆ ಕಣೇ. ನೀನು ಬರಬೇಡ."

ಅನುಪಮಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಅಮ್ಮಾ... ನಿನ್ನ ನೋಡ್ದೆ ಹೆಂಗಿರ್ಲಿ?"

"ಯಾರು ನೋಡ್ಬೇಡ ಅಂದೋರು? ನಾನೇ ಬರ್ತೀನಿ."

ಮಾರನೇ ಬೆಳಿಗ್ಗೆ ಬಟವಾಡಿಯ ಮೆಟ್ಟಿಲ ಬುಡದಲ್ಲಿ ಮತ್ತೆ ಒಂದು ಲಗೇಜ್ ಆಟೋ ನಿಂತಿತು. ಇಳಿದವಳು ಗಂಗಾಂಬಿಕೆ. ಕಂಕುಳಲ್ಲಿ ಬಟ್ಟೆ ಗಂಟು. ಕೈಯಲ್ಲಿ ಶೆಡ್ಡಿನ ಬಾಗಿಲಿಂದ ಕಿತ್ತು ತಂದ ತಗಡಿನ ಬೋರ್ಡು: ಗಂಗಾಂಬಿಕಾ ಸೌಂಡ್ಸ್.

"ಸ್ಟುಡಿಯೋದೋರು ಯಾರಪ್ಪ? ಒಂದ್ ಕೈ ಹಿಡಿ!"

ಅದೇ ದನಿ, ಅದೇ ಗತ್ತು! ಚನ್ನೇಶ ಓಡಿ ಬಂದ. ಹಿಂದೆಯೇ ಅನುಪಮಾ.

"ಅಮ್ಮ! ದೊಡ್ಡಪ್ಪ ಏನಂದ್ರು?"

"ಕೂಗಾಡಿದ್ರು. ಏನಂದ್ರು ಅಂತ ಕೇಳಿಸ್ಕೊಳ್ಳೋಕೆ ಹೋಗ್ಲಿಲ್ಲ. ಬಸ್ಸಲ್ಲಿ ಬೋರ್ಡ್ ಹತ್ತಿಸಲ್ಲ ಅಂದ್ರು, ಆಟೋ ಮಾಡ್ದೆ." ಚನ್ನೇಶನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ಸೀರೆ ಕಸಕ್ಕೆ ಹಾಕ್ದೋನು ನೀನೇನಾ?"

ಅವನು ತಲೆ ತಗ್ಗಿಸಿದ. "ಹೂಂ ಅಮ್ಮ."

ಗಂಗಾಂಬಿಕೆ ಗಂಟು ಬಿಚ್ಚಿದಳು. ಹಳೇ ನೂಲಿನ ಸೀರೆಯೊಂದನ್ನು ತೆಗೆದು ಅವನ ಕೈಗಿಟ್ಟಳು.

"ತಗೋ. ಇದು ಅದರ ಜೊತೇದು. ಇನ್ಮೇಲೆ ಹರಿಯೋ ಮುಂಚೆ ಕೇಳ್ಬೇಕು."

"ಯಾರನ್ನ ಕೇಳ್ಲಿ ಅಮ್ಮ? ನಿಮ್ಮನ್ನಾ, ಇವಳನ್ನಾ?"

"ಇಬ್ರನ್ನೂ" ಅಂದಳು ಅನುಪಮಾ, ಅವನ ಬೆರಳಿಗೆ ಬೆರಳು ಸೇರಿಸುತ್ತಾ. "ಮೆಲ್ಲಗೆ ಕೇಳು ಸಾಕು. ಕೇಳಿಸತ್ತೆ."

ಬೋರ್ಡನ್ನು ಮೂವರೂ ಹಿಡಿದು ಮೇಲಕ್ಕೆ ಏರಿಸಿದರು.

ಹೀಗೆ ಮಗಳ ಹಿಂದೆಯೇ ಗುಬ್ಬಿಯ ಆ ಮನೆ ಬಿಟ್ಟು ಹೊರಟವಳು ಗಂಗಾಂಬಿಕೆ. ಅದು ಶಿವರಾತ್ರಿ ಕಳೆದ ಮೇಲಿನ ಮೊದಲ ಸೋಮವಾರ.